ಏಳು ಮೈಕ್ರಾನ್ ಎಳೆಯ ಬಲ

ಬನಹಟ್ಟಿಯ ಮಗ್ಗದ ಮನೆಗಳಲ್ಲಿ ಎಳೆ ಸಣ್ಣದಾದಷ್ಟೂ, ಸಮನಾದಷ್ಟೂ ಸೀರೆಗೆ ಬೆಲೆ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ 27 ಕಿ.ಮೀ. ಸುರಂಗದಲ್ಲಿ ಪ್ರೋಟಾನ್‌ಗಳ ದಾರಿ ಬಾಗಿಸುವ 1,232 ಕಾಂತಗಳಿಗೂ ಈ ಮಾತು ಸಲ್ಲುತ್ತದೆ. ಅಲ್ಲಿನ ಎಳೆ ಮಾತ್ರ ಹತ್ತಿಯದಲ್ಲ, ನಯೋಬಿಯಂ-ಟೈಟಾನಿಯಂ ಮಿಶ್ರಲೋಹದ್ದು.

ಈ ಲೋಹದ ಸರಳುಗಳನ್ನು ತಾಮ್ರದಲ್ಲಿ ಹುದುಗಿಸಿ, ಕಂತೆ ಕಟ್ಟಿ, ಅಚ್ಚಿನ ತೂತುಗಳಲ್ಲಿ ಮತ್ತೆ ಮತ್ತೆ ಎಳೆಯುತ್ತಾರೆ. ಕೊನೆಗೆ ಸಿಗುವುದು 1.065 ಮಿ.ಮೀ. ದಪ್ಪದ ತಂತಿ. ಅದರೊಳಗೆ 7 ಮೈಕ್ರಾನಿನ ಸುಮಾರು 8,900 ಎಳೆಗಳು! ಇಂಥ 28 ತಂತಿ ಹೆಣೆದ ಚಪ್ಪಟೆ ಕೇಬಲ್, 1.9 ಕೆಲ್ವಿನ್ ಚಳಿಯಲ್ಲಿ, 8.33 ಟೆಸ್ಲಾ ಕಾಂತಕ್ಷೇತ್ರದ ನಡುವೆ ಸುಮಾರು 11,850 ಆಂಪಿಯರ್ ಹೊರುತ್ತದೆ.

ಹೀಗೆ ಹೊರುವುದು ಸುಲಭದ ಮಾತಲ್ಲ. 1911ರಲ್ಲಿ ಲೈಡನ್ನಿನ ಕಾಮರ್ಲಿಂಗ್ ಆನ್ಸ್ ಪಾದರಸದಲ್ಲಿ ಅತಿವಾಹಕತೆಯನ್ನು, ಅಂದರೆ ತಡೆಯೇ ಇಲ್ಲದೆ ವಿದ್ಯುತ್ ಹರಿಯುವ ಗುಣವನ್ನು, ಕಂಡುಹಿಡಿದರು. ಅದರಿಂದ ದೊಡ್ಡ ಕಾಂತ ಮಾಡುವ ಆಸೆ ಮಾತ್ರ ಅವರಿಗೆ ಕೈಗೂಡಲಿಲ್ಲ. ಅವರ ಬಳಿಯಿದ್ದ ಲೋಹಗಳು ಸಣ್ಣ ಕಾಂತಕ್ಷೇತ್ರಕ್ಕೇ ಆ ಗುಣ ಕಳೆದುಕೊಳ್ಳುತ್ತಿದ್ದವು. ನಯೋಬಿಯಂ-ಟೈಟಾನಿಯಂ ದೊಡ್ಡ ಕ್ಷೇತ್ರವನ್ನೂ ತಾಳುತ್ತದೆ; ಅದರ ನಡುವೆ ಇಷ್ಟೊಂದು ವಿದ್ಯುತ್ ಹೊರುವುದಕ್ಕೆ ಕಾರಣ ತಂತಿಯನ್ನು ಎಳೆಯುವಾಗ ನಡುನಡುವೆ ಕಾಯಿಸುವುದು. ಆಗ ಒಳಗೆ ಟೈಟಾನಿಯಂನ ಅತಿಸಣ್ಣ ಕಣಗಳು ಮೂಡಿ, ನುಗ್ಗಿಬಂದ ಕಾಂತರೇಖೆಗಳನ್ನು ಕದಲದಂತೆ ಹಿಡಿಯುತ್ತವೆ. ಅವು ಕದಲಿದರೆ ಶಾಖ ಹುಟ್ಟುತ್ತದೆ, ಅತಿವಾಹಕತೆ ಅಳಿಯುತ್ತದೆ. ಪರೀಕ್ಷೆಗಾಗಿ ತಂತಿಯ ತುಂಡನ್ನು ದ್ರವ ಹೀಲಿಯಂನಲ್ಲಿ ಮುಳುಗಿಸಿ, ವಿದ್ಯುತ್ ಏರಿಸುತ್ತ ಹೋಗಿ, ಎಲ್ಲಿ ಕಿಂಚಿತ್ ವೋಲ್ಟೇಜ್ ಕಾಣುತ್ತದೋ ಅಲ್ಲಿಗೆ ಅದರ ಮಿತಿ ಎಂದು ಗುರುತಿಸುತ್ತಾರೆ.

ತಂತಿ ಗಟ್ಟಿಯಿದ್ದರೆ ಸಾಲದು, ಬೆಸುಗೆಯೂ ಗಟ್ಟಿಯಿರಬೇಕು. 2008ರ ಸೆಪ್ಟೆಂಬರ್ 19ರಂದು ಎರಡು ಕಾಂತಗಳ ನಡುವಿನ ಒಂದೇ ಒಂದು ಜೋಡಣೆ ಸುಮಾರು 8,700 ಆಂಪಿಯರ್‌ಗೆ ಸೋತಿತು. ಕಾಂತಗಳನ್ನು ತಣಿಸುವ ಹೀಲಿಯಂ ಟನ್‌ಗಟ್ಟಲೆ ಸುರಂಗಕ್ಕೆ ನುಗ್ಗಿತು. 53 ಕಾಂತಗಳನ್ನು ಮೇಲಕ್ಕೆ ತಂದು ಸರಿಪಡಿಸಬೇಕಾಯಿತು.

ಎಳೆ ಅಷ್ಟು ಸಣ್ಣದೇಕೆ? ಪ್ರತಿ ಎಳೆಯೊಳಗೂ ಆರದೆ ಸುತ್ತುವ ವಿದ್ಯುತ್ ಕಾಂತಕ್ಷೇತ್ರವನ್ನು ಸೊಟ್ಟಗಾಗಿಸುತ್ತದೆ. ಎಳೆ ದಪ್ಪವಾದಷ್ಟೂ ಸೊಟ್ಟು ಹೆಚ್ಚು. ಏಳು ಮೈಕ್ರಾನಿಗೆ ಇಳಿಸಿದರೂ ಸ್ವಲ್ಪ ಉಳಿದೇ ಉಳಿಯುತ್ತದೆ. ಅದನ್ನು ತಿದ್ದಲು ದೊಡ್ಡ ಕಾಂತಗಳ ತುದಿಯಲ್ಲಿ ಪುಟ್ಟ ಅತಿವಾಹಕ ಕಾಂತಗಳನ್ನು ಕೂರಿಸಿದ್ದಾರೆ. ನಮ್ಮವರ ಕೆಲಸ ಕಾಣುವುದು ಇಲ್ಲಿಯೇ: ಆರು ಧ್ರುವಗಳ 2,464 ತಿದ್ದುಕಾಂತಗಳಲ್ಲಿ 1,146 ಭಾರತದಿಂದ ಹೋದವು. ಆ ಹೊಣೆ ಹೊತ್ತದ್ದು ಇಂದೋರಿನ ಸಂಶೋಧನಾ ಕೇಂದ್ರ. ಈಗ ಅದಕ್ಕೆ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ವಿಜ್ಞಾನಿ ರಾಜಾ ರಾಮಣ್ಣ ಅವರ ಹೆಸರಿದೆ. ಕಾಂತಗಳನ್ನು ನಿಖರವಾಗಿ ಕೂರಿಸುವ ಸಾವಿರಾರು ಜಾಕ್‌ಗಳಲ್ಲಿ ಒಂದು ಪಾಲು ಬೆಂಗಳೂರಿನ ಅವಸರಾಲ ಕಾರ್ಖಾನೆಯದು. ಇದೇ ಸುರಂಗದಲ್ಲಿ ಪತ್ತೆಯಾದ ಹಿಗ್ಸ್ ಬೋಸಾನ್ ಕಣದ ಸುದ್ದಿಯ ಸಂಭ್ರಮದಲ್ಲಿ ಈ ಕುಶಲಕರ್ಮಿಗಳನ್ನು ನೆನೆದವರು ಕಡಿಮೆ. ನೆನೆಯಬೇಕಿತ್ತು.

ಮುಂದಿನ ಹಂತದ ಕಾಂತಗಳಿಗೆ ನಯೋಬಿಯಂ-ತವರದ ತಂತಿ ಬರುತ್ತಿದೆ. ಅದು 11 ಟೆಸ್ಲಾ ದಾಟಿದರೂ ತಾಳುತ್ತದೆ, ಬೇಯಿಸಿದ ಮೇಲೆ ಬಾಗಿಸಿದರೆ ಮಾತ್ರ ಬಿರುಕು ಬಿಡುತ್ತದೆ. ಹಾಗಾಗಿ ಮೊದಲು ಸುರುಳಿ ಸುತ್ತಿ, ಆಮೇಲೆ ಸುಮಾರು 650 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುತ್ತಾರೆ. ಅದರ ಎಳೆಗಳಿನ್ನೂ 50 ಮೈಕ್ರಾನಿನ ಆಸುಪಾಸಿನಲ್ಲೇ ಇವೆ.