ಮನೆತನದಲ್ಲಿ ಸ್ತನ ಕ್ಯಾನ್ಸರ್ ಇದ್ದರೆ ನಾವೇನು ಮಾಡಬೇಕು?



ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಒಬ್ಬ ಸದಸ್ಯೆ ನಮ್ಮನ್ನು ಪಕ್ಕಕ್ಕೆ ಕರೆದರು. "ಸಿಸ್ಟರ್, ನಮ್ಮಮ್ಮ 42ಕ್ಕೇ ಎದೆ ಕ್ಯಾನ್ಸರ್‌ನಿಂದ ಹೋದ್ರು. ಈಗ ಅಕ್ಕನಿಗೂ ಬಂದಿದೆ. ನನಗೂ ಬರುತ್ತಾ? ಯಾರಿಗೂ ಹೇಳ್ಬೇಡಿ, ಮಗಳಿಗೆ ಗಂಡು ನೋಡ್ತಾ ಇದೀವಿ" ಅಂದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ.

ಮೊದಲು ಒಂದು ಮಾತು: ಇದು ಶಾಪವಲ್ಲ, ಅಂಟುರೋಗವೂ ಅಲ್ಲ. ಸ್ತನ ಕ್ಯಾನ್ಸರ್ ಬಂದ 100 ಮಂದಿಯಲ್ಲಿ ಸುಮಾರು 5ರಿಂದ 10 ಮಂದಿಗೆ ಮಾತ್ರ ಅದು ವಂಶದಿಂದ ಬಂದಿರುತ್ತದೆ.

ವಂಶದಿಂದ ಬರುವುದು ಹೇಗೆ?

ಜೀವಕೋಶದಲ್ಲಿ ಆಗುವ ಹಾನಿಯನ್ನು ರಿಪೇರಿ ಮಾಡಲು ನೆರವಾಗುವ ಎರಡು ವಂಶವಾಹಿಗಳು (ಜೀನ್‌ಗಳು) ನಮ್ಮೆಲ್ಲರಲ್ಲೂ ಇವೆ. ಅವುಗಳ ಹೆಸರು ಬಿ.ಆರ್.ಸಿ.ಎ. 1 ಮತ್ತು 2. ವಿಜ್ಞಾನಿಗಳು 1994 ಮತ್ತು 1995ರಲ್ಲಿ ಇವನ್ನು ಗುರುತಿಸಿದರು. ಇವುಗಳಲ್ಲಿ ದೋಷವಿದ್ದರೆ ರಿಪೇರಿ ಸರಿಯಾಗಿ ನಡೆಯೋದಿಲ್ಲ. ಅಂಥ 100 ಮಹಿಳೆಯರಲ್ಲಿ 60ಕ್ಕಿಂತ ಹೆಚ್ಚು ಮಂದಿಗೆ ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರಬಹುದು. ಅಂಡಾಶಯದ ಕ್ಯಾನ್ಸರ್ ಅಪಾಯವೂ ಹೆಚ್ಚು.

ದೋಷವಿರುವ ತಾಯಿ ಅಥವಾ ತಂದೆಯಿಂದ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಆದ್ದರಿಂದ ಅಪ್ಪನ ಕಡೆಯ ಅಜ್ಜಿ, ಸೋದರತ್ತೆಯರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನಿಮ್ಮ ಗಂಡನ ತಾಯಿಗೆ ಬಂದಿದ್ದರೆ ಅದರಿಂದ ನಿಮಗೆ ಅಪಾಯವಿಲ್ಲ; ಆದರೆ ನಿಮ್ಮ ಮಕ್ಕಳ ವಿಷಯದಲ್ಲಿ ಅದು ಮುಖ್ಯ.

ಮನೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

* ರಕ್ತಸಂಬಂಧಿಗಳಲ್ಲಿ ಯಾರಿಗಾದರೂ 50 ವರ್ಷಕ್ಕೆ ಮೊದಲೇ ಸ್ತನ ಕ್ಯಾನ್ಸರ್ ಬಂದಿತ್ತೇ?
* ಒಂದೇ ಕಡೆಯ ಇಬ್ಬರು ಮೂವರಿಗೆ, ಅಥವಾ ಒಬ್ಬರಿಗೇ ಎರಡೂ ಸ್ತನಗಳಿಗೆ ಬಂದಿತ್ತೇ?
* ಯಾರಿಗಾದರೂ ಅಂಡಾಶಯದ ಕ್ಯಾನ್ಸರ್ ಇತ್ತೇ?
* ಗಂಡಸರಿಗೆ ಸ್ತನ ಕ್ಯಾನ್ಸರ್ ಬಂದಿತ್ತೇ? (ಅಪರೂಪವಾದರೂ ಬರುತ್ತದೆ.)

ಒಂದಕ್ಕೆ ಉತ್ತರ 'ಹೌದು' ಆದರೂ ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಿ. ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಯಲ್ಲಿ ವಿಚಾರಿಸಿ. ರಕ್ತ ಪರೀಕ್ಷೆಯಿಂದ ಈ ದೋಷ ಗೊತ್ತಾಗುತ್ತದೆ. ಸಾಧ್ಯವಾದರೆ ಕ್ಯಾನ್ಸರ್ ಬಂದವರಿಗೇ ಮೊದಲು ಪರೀಕ್ಷೆ ಮಾಡಿಸಬೇಕು. ಅವರಲ್ಲಿ ದೋಷ ಸಿಕ್ಕರೆ ಉಳಿದವರು ಅದೊಂದನ್ನೇ ನೋಡಿಸಿದರೆ ಸಾಕು, ಖರ್ಚೂ ಕಡಿಮೆ. ಆ ದೋಷ ನಿಮಗೆ ಬಂದಿಲ್ಲ ಎಂದಾದರೆ ದೊಡ್ಡ ಭಾರ ಇಳಿದಂತೆ.

ದೋಷ ಇದ್ದರೆ?

ಸರ್ಕಾರದ ತಪಾಸಣೆ 30 ವರ್ಷ ದಾಟಿದವರಿಗೆ, 5 ವರ್ಷಕ್ಕೊಮ್ಮೆ. ದೋಷ ಇರುವವರಿಗೆ ಅಷ್ಟು ಸಾಲದು. 25ನೇ ವಯಸ್ಸಿನಿಂದ 6ರಿಂದ 12 ತಿಂಗಳಿಗೊಮ್ಮೆ ಡಾಕ್ಟರ ಕೈಯಲ್ಲಿ ಸ್ತನ ಪರೀಕ್ಷೆ, ವರ್ಷಕ್ಕೊಮ್ಮೆ ಎಂ.ಆರ್.ಐ., 30ರಿಂದ ಅದರ ಜೊತೆಗೆ ಮ್ಯಾಮೊಗ್ರಾಂ ಬೇಕು. ಚಿಕ್ಕ ವಯಸ್ಸಿನಲ್ಲಿ ಸ್ತನ ದಟ್ಟವಾಗಿರುವುದರಿಂದ ಮ್ಯಾಮೊಗ್ರಾಂ ಒಂದರಲ್ಲೇ ಗಂಟು ಕಾಣಿಸದೆ ಹೋಗಬಹುದು. ಮಕ್ಕಳಾದ ಮೇಲೆ ಅಂಡಾಶಯ ತೆಗೆಸುವುದು, ಸ್ತನ ತೆಗೆಸುವುದು ಎಂಬ ದಾರಿಗಳೂ ಇವೆ. ಅವಸರ ಬೇಡ, ಡಾಕ್ಟರ ಜೊತೆ ಕೂತು ಮಾತಾಡಿ ನಿರ್ಧಾರ ಮಾಡಿ.

ಗಂಟು, ತೊಟ್ಟು ಒಳಕ್ಕೆ ಹೋಗುವುದು, ತೊಟ್ಟಿನಿಂದ ರಕ್ತ, ಚರ್ಮ ಕುಳಿ ಬೀಳುವುದು - ಇವು ಕಂಡರೆ ಯಾರೇ ಆಗಲಿ, ನೋವಿಲ್ಲ ಅಂತ ಸುಮ್ಮನಿರಬೇಡಿ.

ಆ ಸಹೋದರಿ ಈಗ ಅಕ್ಕನ ಜೊತೆ ಆಸ್ಪತ್ರೆಗೆ ಹೋಗಿಬಂದಿದ್ದಾರೆ. ಅಕ್ಕನ ರಿಪೋರ್ಟ್ ಇನ್ನೂ ಬರಬೇಕು. "ಮಗಳಿಗೂ ಹೇಳಿದೆ ಸಿಸ್ಟರ್. ಮದುವೆಗಿಂತ ಅವಳ ಜೀವ ದೊಡ್ಡದು" ಅಂದರು.

ಮುಂದಿನ ಸಭೆಗೆ ಬರುವಾಗ ಅಮ್ಮನ ಕಡೆ, ಅಪ್ಪನ ಕಡೆ ಎರಡನ್ನೂ ಕೇಳಿಕೊಂಡು ಬನ್ನಿ. ಎಲ್ಲರ ಮುಂದೆ ಹೇಳಬೇಕಾಗಿಲ್ಲ, ನಮ್ಮ ಹತ್ತಿರ ಹೇಳಿದರೂ ಸಾಕು. ಆಸ್ಪತ್ರೆಗೆ ಜೊತೆಯಲ್ಲಿ ನಾವೂ ಬರುತ್ತೇವೆ.