ಕೆಲಸದ ವೇಳೆಯಲ್ಲಿ ಅಂತರ್ಜಾಲ: ಕಡಿಯುವ ಗಮನ, ದಣಿಯುವ ದೇಹ

ನಂಜನಗೂಡು ತಾಲ್ಲೂಕಿನ ಬದನವಾಳು ಗ್ರಾಮದ ಹೆಸರು ಖಾದಿಯೊಡನೆ ಬೆಸೆದುಕೊಂಡಿದೆ. 1927ರಲ್ಲಿ ಅಲ್ಲಿ ಆರಂಭಗೊಂಡ ಖಾದಿ ಕೇಂದ್ರಕ್ಕೆ ಮಹಾತ್ಮ ಗಾಂಧೀಜಿಯವರು ಭೇಟಿಯಿತ್ತಿದ್ದರು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಸುಸ್ಥಿರ ಬದುಕಿಗಾಗಿ ನಡೆದ ಸತ್ಯಾಗ್ರಹಕ್ಕೂ ಅದೇ ನೆಲ ಆಶ್ರಯ ನೀಡಿತು. ನೂಲುವ ಕೆಲಸವನ್ನು ಬಲ್ಲವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿದೆ. ಒಂದು ಕೈ ರಾಟೆಯನ್ನು ತಿರುಗಿಸುವ ವೇಗಕ್ಕೂ ಇನ್ನೊಂದು ಕೈ ಹಂಜಿಯನ್ನು ಎಳೆಯುವ ಹದಕ್ಕೂ ಹೊಂದಾಣಿಕೆ ಇರಬೇಕು. ಮನಸ್ಸು ಬೇರೆಡೆಗೆ ಸರಿದರೆ ಎಳೆ ದಪ್ಪವಾಗುತ್ತದೆ, ಇಲ್ಲವೇ ತೆಳುವಾಗಿ ಕಡಿಯುತ್ತದೆ. ಕಡಿದ ಎಳೆಯನ್ನು ಮತ್ತೆ ಸೇರಿಸಬಹುದು. ಆದರೆ ಸೇರಿಸಲು ಹೊತ್ತು ಬೇಕು, ಸೇರಿಸಿದಲ್ಲಿ ಒಂದು ಗಂಟು ಉಳಿಯುತ್ತದೆ, ಆ ಗಂಟು ಮುಂದೆ ಮಗ್ಗದ ಮೇಲೆ ನೇಯುವವರಿಗೆ ತೊಡಕಾಗುತ್ತದೆ.

ಇದೇ ಸೀಮೆಯ ಯುವಜನರು ಇಂದು ನಂಜನಗೂಡಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ, ಮೈಸೂರಿನ ಕಚೇರಿ, ಬ್ಯಾಂಕು, ಆಸ್ಪತ್ರೆಗಳಲ್ಲಿ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುತ್ತಿದ್ದಾರೆ. ಅವರ ಕೈಯಲ್ಲಿ ರಾಟೆಯಿಲ್ಲ. ಗಣಕಯಂತ್ರವಿದೆ, ಜೇಬಿನಲ್ಲಿ ಮೊಬೈಲ್ ಇದೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಸೇವೆ ಆರಂಭವಾದ ಮೇಲೆ ಅಂತರ್ಜಾಲದ ಬೆಲೆ ಇಳಿದು, ಅದು ಹಳ್ಳಿಯ ಕೂಲಿಕಾರರ ಕೈಗೂ ಎಟುಕಿತು. ಅಂದಿನಿಂದ ಕೆಲಸದ ವೇಳೆಯಲ್ಲಿ ಸ್ವಂತಕ್ಕಾಗಿ ಅಂತರ್ಜಾಲ ನೋಡುವ ಅಭ್ಯಾಸ ಕಚೇರಿಗಳ ಗೋಡೆ ದಾಟಿ ಅಂಗಡಿ, ಹೊಲ, ಕಾರ್ಖಾನೆಗಳಿಗೂ ಹಬ್ಬಿದೆ.

ಸಂಬಳ ಪಡೆಯುವ ವೇಳೆಯನ್ನು ಸ್ವಂತಕ್ಕೆ ಬಳಸುವುದು ಸರಿಯೇ ಎಂಬ ನೀತಿಯ ಪ್ರಶ್ನೆಯನ್ನು ಬಹಳ ಜನ ಎತ್ತುತ್ತಾರೆ. ಆರೋಗ್ಯದ ಈ ಅಂಕಣದಲ್ಲಿ ನಾವು ಕೇಳಬೇಕಾದ ಪ್ರಶ್ನೆ ಬೇರೆ. ಹೀಗೆ ನಡುನಡುವೆ ಮೊಬೈಲ್ ನೋಡುವವರ ದೇಹಕ್ಕೂ ಮನಸ್ಸಿಗೂ ಏನಾಗುತ್ತದೆ? ಅವರು ಬಯಸಿದ ವಿಶ್ರಾಂತಿ ಅವರಿಗೆ ದೊರೆಯುತ್ತದೆಯೇ?

ಗಮನ ಕಡಿದಾಗ

ಮನಸ್ಸು ಒಂದು ಕೆಲಸದಿಂದ ಇನ್ನೊಂದಕ್ಕೆ ದೀಪದ ಗುಂಡಿ ಒತ್ತಿದಷ್ಟು ಸುಲಭವಾಗಿ ಹೊರಳುವುದಿಲ್ಲ. ಅಮೆರಿಕದ ಸಂಶೋಧಕಿ ಸೋಫಿ ಲೆರಾಯ್ ಅವರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ವಿವರಿಸಿದ್ದಾರೆ. ಒಂದು ಕೆಲಸವನ್ನು ಅರ್ಧದಲ್ಲಿ ಬಿಟ್ಟು ಇನ್ನೊಂದಕ್ಕೆ ತೊಡಗಿದಾಗ, ಗಮನದ ಒಂದು ಪಾಲು ಹಿಂದಿನ ಕೆಲಸದಲ್ಲಿಯೇ ಉಳಿದುಬಿಡುತ್ತದೆ. ಅದನ್ನು ಅವರು ಗಮನದ ಶೇಷ ಎಂಬ ಅರ್ಥದ ಹೆಸರಿನಿಂದ ಕರೆದರು. ಲೆಕ್ಕ ಬರೆಯುತ್ತಿರುವಾಗ ಸಂಬಂಧಿಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಡೆದಿರುವ ವಾಗ್ವಾದವನ್ನು ಓದಿದರೆ, ಮೊಬೈಲ್ ಕೆಳಗಿಟ್ಟ ಮೇಲೂ ಮನಸ್ಸು ಆ ವಾಗ್ವಾದಕ್ಕೆ ಉತ್ತರ ಹುಡುಕುತ್ತಲೇ ಇರುತ್ತದೆ. ಕಣ್ಣು ಅಂಕಿಗಳ ಮೇಲಿದ್ದರೂ ಗಮನ ಪೂರ್ಣವಾಗಿ ಅಲ್ಲಿರುವುದಿಲ್ಲ. ಆ ಹೊತ್ತಿನಲ್ಲಿ ಆದ ತಪ್ಪು ತಿಂಗಳ ಕೊನೆಯಲ್ಲಿ ಬೇರೊಬ್ಬರ ಕಣ್ಣಿಗೆ ಬೀಳುತ್ತದೆ. ನೂಲಿನ ಗಂಟು ಮಗ್ಗದಲ್ಲಿ ಸಿಕ್ಕುವಂತೆಯೇ ಇದೂ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಅವರು ಗಣಕಯಂತ್ರದ ಮುಂದೆ ದುಡಿಯುವವರನ್ನು ಎರಡು ದಶಕಗಳ ಕಾಲ ಗಮನಿಸಿದವರು. 2004ರ ಸುಮಾರಿಗೆ ಒಂದು ಪರದೆಯ ಮೇಲೆ ಜನರ ಗಮನ ಸರಾಸರಿ ಎರಡೂವರೆ ನಿಮಿಷ ನಿಲ್ಲುತ್ತಿತ್ತು. ಇತ್ತೀಚಿನ ವರ್ಷಗಳಲ್ಲಿ ಅದು ಸುಮಾರು 47 ಸೆಕೆಂಡಿಗೆ ಇಳಿದಿದೆ ಎಂದು ಅವರು ತಿಳಿಸಿದ್ದಾರೆ. 2008ರಲ್ಲಿ ಅವರು ಪ್ರಕಟಿಸಿದ ಇನ್ನೊಂದು ಅಧ್ಯಯನ ನಮ್ಮ ವಿಷಯಕ್ಕೆ ಮತ್ತಷ್ಟು ಹತ್ತಿರವಾದುದು. ಅಡ್ಡಿಗೊಳಗಾದವರು ಕಳೆದುಹೋದ ಹೊತ್ತನ್ನು ತುಂಬಿಕೊಳ್ಳಲು ಹೆಚ್ಚು ವೇಗವಾಗಿ ಕೆಲಸ ಮಾಡುತ್ತಾರೆ. ಅದಕ್ಕೆ ತೆರುವ ಬೆಲೆ ಒತ್ತಡ, ಬೇಸರ ಮತ್ತು ಹೆಚ್ಚಿನ ಶ್ರಮ ಎಂಬುದು ಅದರ ಸಾರ. ಕೆಲಸವೇನೋ ಮುಗಿದಿರುತ್ತದೆ, ಆದರೂ ಸಂಜೆ ಮನೆಗೆ ಬಂದಾಗ ಕಾರಣ ತಿಳಿಯದ ದಣಿವು, ಮಕ್ಕಳ ಮೇಲೆ ಸಿಡಿಮಿಡಿ. ಇದನ್ನು ಅನುಭವಿಸುತ್ತಿರುವವರು ನಮ್ಮ ನಡುವೆ ಅನೇಕರಿದ್ದಾರೆ. ದಣಿವಿಗೆ ಕೆಲಸದ ಭಾರವೊಂದೇ ಕಾರಣವಲ್ಲ. ದಿನವಿಡೀ ಕಡಿದು ಕಡಿದು ಸೇರಿಸಿದ ಗಮನವೂ ಕಾರಣ.

ಮೊಬೈಲ್ ನೋಡುವುದು ವಿಶ್ರಾಂತಿಯೇ?

ಕೆಲಸದ ನಡುವೆ ಬಿಡುವು ಬೇಕೇ ಬೇಕು. ಮೆಲ್ಬೋರ್ನ್ ವಿಶ್ವವಿದ್ಯಾಲಯದ ಬ್ರೆಂಟ್ ಕೋಕರ್ ಅವರು 2009ರಲ್ಲಿ ಸುಮಾರು 300 ನೌಕರರನ್ನು ಅಧ್ಯಯನ ಮಾಡಿ, ಕಚೇರಿ ವೇಳೆಯ ಐದನೆಯ ಒಂದು ಭಾಗವನ್ನು ಮೀರದಂತೆ ಅಂತರ್ಜಾಲ ನೋಡುವವರು ನೋಡದವರಿಗಿಂತ ಸುಮಾರು ಶೇ. 9ರಷ್ಟು ಹೆಚ್ಚು ಫಲಪ್ರದವಾಗಿ ಕೆಲಸ ಮಾಡುತ್ತಾರೆ ಎಂದು ತಿಳಿಸಿದರು. ಚಿಕ್ಕ ಬಿಡುವಿನ ನಂತರ ಮನಸ್ಸು ಮತ್ತೆ ಏಕಾಗ್ರವಾಗುತ್ತದೆ ಎಂಬುದು ಅವರ ವಿವರಣೆ. ಆದ್ದರಿಂದ ಕೆಲಸದ ನಡುವೆ ಮೊಬೈಲ್ ಹಿಡಿದವರೆಲ್ಲ ಸೋಮಾರಿಗಳೆಂದು ತೀರ್ಮಾನಿಸುವುದು ನ್ಯಾಯವಲ್ಲ. ದಣಿದ ಮನಸ್ಸು ಬಿಡುವನ್ನು ಕೇಳುತ್ತದೆ. ಕೈಗೆ ಮೊದಲು ಸಿಗುವುದು ಮೊಬೈಲ್.

ಆದರೆ ಆ ಅಧ್ಯಯನ ನಡೆದ ಕಾಲದಲ್ಲಿ ಒಂದರ ಹಿಂದೊಂದು ತಾನಾಗಿ ಬರುವ ಕಿರುವಿಡಿಯೋಗಳು ಪ್ರತಿಯೊಬ್ಬರ ಜೇಬಿನಲ್ಲಿರಲಿಲ್ಲ ಎಂಬುದನ್ನು ನಾವು ನೆನಪಿಡಬೇಕು. ಜೊತೆಗೆ, ಮನಸ್ಸಿಗೆ ಬಿಡುವೆನಿಸಿದ್ದು ದೇಹಕ್ಕೆ ಬಿಡುವಾಗದಿರಬಹುದು. ಗಣಕಯಂತ್ರವನ್ನು ನೋಡಿ ದಣಿದ ಕಣ್ಣು ಅದಕ್ಕಿಂತಲೂ ಚಿಕ್ಕದಾದ, ಅದಕ್ಕಿಂತಲೂ ಹತ್ತಿರದ ಪರದೆಯನ್ನು ನೋಡತೊಡಗುತ್ತದೆ. ನಾವು ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಬಾರಿ ರೆಪ್ಪೆ ಬಡಿಯುತ್ತೇವೆ. ಪರದೆಯನ್ನು ದಿಟ್ಟಿಸುವಾಗ ಅದು ಅರ್ಧಕ್ಕಿಂತಲೂ ಕಡಿಮೆಯಾಗಬಹುದು. ರೆಪ್ಪೆ ಬಡಿಯದ ಕಣ್ಣಿನ ಮೇಲಿನ ತೇವ ಆರುತ್ತದೆ. ಉರಿ, ಕೆಂಪು, ಮಂಜಾದ ನೋಟ, ತಲೆನೋವು ಇವೆಲ್ಲ ಅದರಿಂದ ಹುಟ್ಟುತ್ತವೆ.

ಕುತ್ತಿಗೆಯ ಕಥೆಯೂ ಹೀಗೆಯೇ. ನೆಟ್ಟಗಿರುವಾಗ ನಮ್ಮ ತಲೆಯ ಭಾರ ಸುಮಾರು 5 ಕಿಲೋ. ಅಮೆರಿಕದ ಬೆನ್ನೆಲುಬು ಶಸ್ತ್ರಚಿಕಿತ್ಸಕ ಕೆನೆತ್ ಹನ್ಸರಾಜ್ ಅವರು 2014ರಲ್ಲಿ ಮಾಡಿದ ಲೆಕ್ಕದ ಪ್ರಕಾರ, ತಲೆಯನ್ನು 60 ಡಿಗ್ರಿಯಷ್ಟು ಬಾಗಿಸಿದಾಗ ಕುತ್ತಿಗೆಯ ಮೇಲೆ ಬೀಳುವ ಒತ್ತಡ ಸುಮಾರು 27 ಕಿಲೋಗೆ ಸಮ. ಮಡಿಲಲ್ಲಿ ಮೊಬೈಲ್ ಇಟ್ಟುಕೊಂಡು ಹತ್ತು ನಿಮಿಷ ವಿಶ್ರಮಿಸಿದೆವೆಂದು ನಾವು ಭಾವಿಸುವಾಗ, ಕುತ್ತಿಗೆ ಅರ್ಧ ಮೂಟೆ ಹೊತ್ತು ನಿಂತಿರುತ್ತದೆ. ಕುಳಿತಲ್ಲಿಂದ ಏಳದ ಕಾಲುಗಳಿಗೂ ಬೆನ್ನಿಗೂ ಈ ಬಿಡುವಿನಿಂದ ಏನೂ ಲಾಭವಿಲ್ಲ.

ಕೈ ತಾನಾಗಿ ಮೊಬೈಲಿಗೆ ಹೋಗುವುದೇಕೆ?

ಎರಡು ನಿಮಿಷವೆಂದು ತೆರೆದದ್ದು ಇಪ್ಪತ್ತು ನಿಮಿಷವಾಗುವುದಕ್ಕೆ ನಮ್ಮ ಮನೋಬಲದ ಕೊರತೆಯೊಂದೇ ಕಾರಣವಲ್ಲ. ಕಳೆದ ಶತಮಾನದಲ್ಲಿ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಅವರು ಪಾರಿವಾಳಗಳ ಮೇಲೆ ಪ್ರಯೋಗಗಳನ್ನು ನಡೆಸಿದರು. ಕೊಕ್ಕಿನಿಂದ ಗುಂಡಿಯನ್ನು ಕುಕ್ಕಿದಾಗಲೆಲ್ಲ ಕಾಳು ಸಿಕ್ಕರೆ, ಕಾಳು ನಿಂತ ಮೇಲೆ ಪಕ್ಷಿ ಬೇಗನೆ ಕುಕ್ಕುವುದನ್ನು ಬಿಡುತ್ತದೆ. ಯಾವಾಗ ಸಿಕ್ಕೀತೆಂದು ಹೇಳಲಾಗದಂತೆ ಆಗೊಮ್ಮೆ ಈಗೊಮ್ಮೆ ಸಿಕ್ಕರೆ, ಅದು ಬಿಡದೆ ಕುಕ್ಕುತ್ತಲೇ ಇರುತ್ತದೆ. ಮೊಬೈಲಿನಲ್ಲಿಯೂ ಹತ್ತು ಬೇಡದ ಸಂದೇಶಗಳ ನಡುವೆ ಒಂದು ಸಂತೋಷದ ಸುದ್ದಿ, ಇಪ್ಪತ್ತು ನೀರಸ ವಿಡಿಯೋಗಳ ನಡುವೆ ಒಂದು ನಗೆ ಸಿಗುತ್ತದೆ. ಆ ಒಂದಕ್ಕಾಗಿ ಬೆರಳು ಸರಿಸುತ್ತಲೇ ಇರುತ್ತದೆ. 2006ರಲ್ಲಿ ಏಜಾ ರಾಸ್ಕಿನ್ ಎಂಬ ತಂತ್ರಜ್ಞರು ರೂಪಿಸಿದ, ಕೊನೆಯೇ ಇಲ್ಲದೆ ಕೆಳಕ್ಕೆ ಸರಿಯುವ ಪುಟದ ವಿನ್ಯಾಸ ಇದಕ್ಕೆ ಇಂಬು ನೀಡಿತು. ಪುಟ ಮುಗಿದರೆ ಮನಸ್ಸು ಒಂದು ಕ್ಷಣ ನಿಂತು ಸಾಕೆನ್ನಬಹುದು. ಪುಟವೇ ಮುಗಿಯದಿದ್ದರೆ ಸಾಕೆನ್ನುವ ಆ ಕ್ಷಣವೇ ಬರುವುದಿಲ್ಲ. ತಮ್ಮ ವಿನ್ಯಾಸದ ಪರಿಣಾಮದ ಬಗ್ಗೆ ಅವರೇ ಮುಂದೆ ವಿಷಾದ ವ್ಯಕ್ತಪಡಿಸಿದರು.

ಹೊಣೆ ದುಡಿಯುವವರದಷ್ಟೇ ಅಲ್ಲ

ಮೊಬೈಲನ್ನು ಮನೆಯಲ್ಲಿಟ್ಟು ಬನ್ನಿ ಎಂದು ಹೇಳುವುದು ಸುಲಭ. ಆದರೆ ಇಂದು ಕೆಲಸವೇ ಮೊಬೈಲಿನೊಳಗೆ ಬಂದು ಕುಳಿತಿದೆ. ಅಂಗನವಾಡಿ ಕಾರ್ಯಕರ್ತೆಯರು 2021ರಿಂದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮಕ್ಕಳ ವಿವರ ತುಂಬಬೇಕು. ಉದ್ಯೋಗ ಖಾತರಿ ಕೂಲಿಯ ಹಾಜರಾತಿಯೂ ಮೊಬೈಲಿನಲ್ಲಿಯೇ ದಾಖಲಾಗುವಂತಾಯಿತು. ಅನೇಕ ಕಚೇರಿಗಳಲ್ಲಿ ಮೇಲಧಿಕಾರಿಗಳ ಸೂಚನೆ ಬರುವುದು ವಾಟ್ಸ್‌ಆ್ಯಪ್ ಮೂಲಕ. ಸೂಚನೆ ನೋಡಲು ತೆರೆದ ಪರದೆಯ ಮೇಲೆಯೇ ಮದುವೆಯ ಚಿತ್ರಗಳೂ ಕ್ರಿಕೆಟ್ಟಿನ ರನ್ನುಗಳೂ ಕಾದಿರುತ್ತವೆ. ಕೆಲಸದ ಸಂದೇಶಕ್ಕೆ ಹೊತ್ತುಗೊತ್ತಿಲ್ಲದೆ ಉತ್ತರ ನಿರೀಕ್ಷಿಸುವ ಮೇಲಧಿಕಾರಿಯೂ ಗಮನ ಕಡಿಯುವುದರಲ್ಲಿ ಪಾಲುದಾರರೇ.

ಬಿಡುವಿನ ವಿಷಯವೂ ಹಾಗೆಯೇ. 1948ರ ಕಾರ್ಖಾನೆಗಳ ಮೂಲ ಕಾಯ್ದೆ, ಐದು ಗಂಟೆಗಿಂತ ಹೆಚ್ಚು ಕಾಲ ಎಡೆಬಿಡದೆ ದುಡಿಸಬಾರದು, ನಡುವೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕು ಎಂದು ವಿಧಿಸಿತ್ತು. ದುಡಿಯುವವರಿಗೆ ವಿಶ್ರಾಂತಿ ಬೇಕೆಂಬುದನ್ನು ಕಾನೂನು ಅಂದೇ ಒಪ್ಪಿತ್ತು. ಬಿಡುವನ್ನು ಬಹಿರಂಗವಾಗಿ ಕೊಡದ ಕಡೆ ಅದನ್ನು ಕದ್ದು ಪಡೆಯುವ ಅಭ್ಯಾಸ ಬೆಳೆಯುತ್ತದೆ. ಮೇಜಿನ ಕೆಳಗೆ ಮೊಬೈಲ್ ಹಿಡಿದು, ಯಾರಾದರೂ ನೋಡಿಯಾರೆಂಬ ಅಳುಕಿನಲ್ಲಿ ಪಡೆದ ಬಿಡುವು ಮನಸ್ಸನ್ನು ಹಗುರಗೊಳಿಸುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ರಿಯಾಯಿತಿ ಸಲ್ಲದು. ತಿರುಗುವ ಯಂತ್ರದ ಮುಂದೆ, ವಾಹನದ ಚಕ್ರದ ಹಿಂದೆ, ವಿದ್ಯುತ್ ಕಂಬದ ಮೇಲೆ, ರೋಗಿಗೆ ಔಷಧ ಅಳೆಯುವಲ್ಲಿ, ಕಬ್ಬು ಅರೆಯುವ ಗಾಣದ ಬಳಿ ಮೊಬೈಲ್ ನೋಡುವುದು ಪ್ರಾಣಕ್ಕೆ ಸಂಬಂಧಿಸಿದ ಮಾತು. ವಾಹನ ಚಲಾಯಿಸುವಾಗ ಮೊಬೈಲ್ ಹಿಡಿಯುವುದನ್ನು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಅಪಾಯಕಾರಿ ಚಾಲನೆಯ ಸಾಲಿಗೆ ಸೇರಿಸಿದೆ. ಇಂತಹ ಕೆಲಸಗಳಲ್ಲಿ ಕಡಿದ ಎಳೆಯನ್ನು ಮತ್ತೆ ಸೇರಿಸಲು ಅವಕಾಶ ಸಿಗದೆಯೂ ಹೋಗಬಹುದು.

ನಾವು ಪಾಲಿಸಬಹುದಾದ ಕ್ರಮಗಳು

ಸ್ವಂತದ ಸಂದೇಶಗಳನ್ನು ನೋಡಲು ದಿನದಲ್ಲಿ ಎರಡು ಮೂರು ಹೊತ್ತುಗಳನ್ನು ಗೊತ್ತುಮಾಡಿಕೊಳ್ಳುವುದು ಮೊದಲ ಕ್ರಮ. ಬೆಳಗಿನ ಚಹಾದ ವೇಳೆ, ಊಟದ ನಂತರ, ಸಂಜೆ ಹೊರಡುವ ಮುನ್ನ ನೋಡಿದರೆ ಸಾಕು. ಉಳಿದ ಹೊತ್ತಿನಲ್ಲಿ ಕರೆಗಳ ಸದ್ದನ್ನು ಮಾತ್ರ ಉಳಿಸಿಕೊಂಡು, ಇತರ ಸೂಚನೆಗಳನ್ನು ನಿಲ್ಲಿಸಿಡಬೇಕು. ತುರ್ತಿದ್ದರೆ ಸಂದೇಶ ಕಳಿಸದೆ ಕರೆ ಮಾಡಿರೆಂದು ಮನೆಯವರಿಗೆ ತಿಳಿಸಿಟ್ಟರೆ ಏನೋ ತಪ್ಪಿಹೋಗುತ್ತಿದೆ ಎಂಬ ಆತಂಕ ಅರ್ಧ ಇಳಿಯುತ್ತದೆ. ಮೊಬೈಲ್ ಮೇಜಿನ ಮೇಲಿರುವುದಕ್ಕಿಂತ ಚೀಲದಲ್ಲಿರುವುದು ಮೇಲು.

ಕೈಯಲ್ಲಿರುವ ಕೆಲಸವನ್ನು ಒಂದು ಹಂತಕ್ಕೆ ತಂದು, ಮುಂದೆ ಮಾಡಬೇಕಾದುದನ್ನು ಒಂದು ಸಾಲಿನಲ್ಲಿ ಬರೆದಿಟ್ಟು ಬಿಡುವು ಪಡೆಯುವುದು ಎರಡನೆಯದು. ಮರಳಿ ಬಂದಾಗ ಎಳೆಯನ್ನು ಹುಡುಕಬೇಕಾಗುವುದಿಲ್ಲ. ಬಿಡುವಿನಲ್ಲಿ ಎದ್ದು ನಿಲ್ಲಬೇಕು, ನಾಲ್ಕು ಹೆಜ್ಜೆ ನಡೆಯಬೇಕು, ನೀರು ಕುಡಿಯಬೇಕು, ಜೊತೆಯವರೊಡನೆ ಎರಡು ಮಾತಾಡಬೇಕು. ಪರದೆಯ ಮುಂದೆ ದುಡಿಯುವವರು ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಬೇಕೆಂದು ನೇತ್ರತಜ್ಞರು ಹೇಳುತ್ತಾರೆ. ಕಿಟಕಿಯಾಚೆಯ ಮರವೊಂದು ಇದಕ್ಕೆ ಸಾಕು. ಊಟದ ತಟ್ಟೆಯ ಮುಂದೆ ಮೊಬೈಲ್ ಬೇಡ. ಮೊಬೈಲ್ ನೋಡಲೇಬೇಕಾದಾಗ ತಲೆಯನ್ನು ಬಾಗಿಸದೆ, ಅದನ್ನೇ ಕಣ್ಣಿನ ಮಟ್ಟಕ್ಕೆ ಎತ್ತಿ ನೋಡುವುದು ಹಿತ.

ಇಷ್ಟೆಲ್ಲ ಮಾಡಿದರೂ ಬಿಡಲಾಗದೆ, ನಿದ್ರೆ ಕೆಟ್ಟು, ಕೆಲಸ ಹೋಗುವ ಹಂತ ಬಂದು, ಮನೆಯಲ್ಲಿ ಮಾತು ಮುರಿದಿದ್ದರೆ ಅದನ್ನು ಕೆಟ್ಟ ಚಾಳಿಯೆಂದು ಬೈದು ಕೂರದೆ ವೈದ್ಯರ ನೆರವು ಪಡೆಯಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ತಂತ್ರಜ್ಞಾನದ ಅತಿಬಳಕೆಯಿಂದ ತೊಂದರೆಗೊಳಗಾದವರಿಗಾಗಿ 2014ರಿಂದ ‘ಶಟ್’ ಎಂಬ ಪ್ರತ್ಯೇಕ ಚಿಕಿತ್ಸಾಲಯವನ್ನು ನಡೆಸುತ್ತಿದೆ. ದೂರ ಹೋಗಲಾಗದವರು 2022ರಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿಗೆ, 14416ಕ್ಕೆ, ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಕಾಯಕವನ್ನು ನಾವು ಪೂಜೆಗೆ ಸಮನಾಗಿ ಕಾಣುತ್ತ ಬಂದವರು. ಪೂಜೆಯಲ್ಲಿ ಎಷ್ಟು ಹೊತ್ತು ಕುಳಿತೆವು ಎಂಬುದಕ್ಕಿಂತ ಕುಳಿತಷ್ಟು ಹೊತ್ತು ಮನಸ್ಸು ಎಲ್ಲಿತ್ತು ಎಂಬುದು ಮುಖ್ಯವಾಗುತ್ತದೆ. ಕಾಯಕಕ್ಕೂ ಅದೇ ಅಳತೆ. ಕೆಲಸವಿದ್ದಾಗ ಪೂರ್ಣ ಗಮನ, ಬಿಡುವಿದ್ದಾಗ ಪೂರ್ಣ ವಿಶ್ರಾಂತಿ. ಇವೆರಡನ್ನೂ ಬೆರೆಸದೆ ಇಟ್ಟುಕೊಂಡವರು ಸಂಜೆ ಮನೆಗೆ ಬರುವಾಗ ಮನೆಯವರಿಗಾಗಿ ಒಂದಿಷ್ಟು ಉತ್ಸಾಹವನ್ನೂ ಉಳಿಸಿಕೊಂಡು ಬರುತ್ತಾರೆ. ನಾಳೆಯ ದಿನ, ಕೆಲಸಕ್ಕೆ ಕುಳಿತ ಮೊದಲ ಒಂದು ಗಂಟೆ ಮೊಬೈಲನ್ನು ಚೀಲದಲ್ಲಿರಿಸಿ ನೋಡೋಣ.