ಬೈಯಲು ಬಂದ ಫಾರಸಿ

ಇಂಗ್ಲಿಷಿನಲ್ಲಿ ‘ಸೂಪರ್‌ಸಿಲಿಯಸ್’ ಎಂಬ ಅಪರೂಪದ ಗುಣವಾಚಕವಿದೆ. ಎದುರಿಗಿದ್ದವರನ್ನು ಕೀಳಾಗಿ ಕಾಣುವ ಸೊಕ್ಕಿನವರಿಗೆ ಹೇಳುವ ಮಾತು. ಅದರ ಲ್ಯಾಟಿನ್ ಬೇರು ಹುಬ್ಬು. ತಾತ್ಸಾರ ಬಂದಾಗ ಹುಬ್ಬು ಮೇಲೇರುತ್ತದಲ್ಲ, ಅದಕ್ಕೆ. ಕನ್ನಡಿಗರಿಗೆ ಅಷ್ಟು ದೂರ ಬೇಕಿಲ್ಲ, ಮೂಗು ಮುರಿದರೆ ಸಾಕು.

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಮೂಗಿಗಿಂತ ಬಾಯಿ ಚುರುಕು. ಆ ಬಾಯಿಗೆ ಸರಕು ಒದಗಿಸಿದ್ದು ಫಾರಸಿ ಮತ್ತು ಅರಬ್ಬಿ. ಕಲಬುರಗಿ 1347ರಲ್ಲಿ ಬಹಮನಿ ರಾಜಧಾನಿಯಾಯಿತು. ಮುಂದೆ ನಿಜಾಮರ ಕೊನೆಕಾಲದಲ್ಲಿ ಕಚೇರಿ, ಕೋರ್ಟು ಎಲ್ಲ ಫಾರಸಿ-ಅರಬ್ಬಿ ಪದಗಳು ತುಂಬಿದ ಉರ್ದು. 1948ರ ಸೆಪ್ಟೆಂಬರಿನಲ್ಲಿ ಆ ಆಳ್ವಿಕೆ ಮುಗಿದು, 1956ರಲ್ಲಿ ಈ ಭಾಗ ಕನ್ನಡ ರಾಜ್ಯಕ್ಕೆ ಸೇರಿತು. ಕಡತಗಳಿಂದ ಉರ್ದು ಹೋಯಿತು, ಬೈಗುಳಗಳಿಂದ ಹೋಗಲಿಲ್ಲ.

ಇವುಗಳ ಕಟ್ಟಡ ಸರಳ. ಫಾರಸಿಯ ‘ಬೇ’ ಅಂದರೆ ಇಲ್ಲದ. ‘ಕಾರ್’ ಕೆಲಸ, ‘ಶರಮ್’ ನಾಚಿಕೆ, ‘ಇಮಾನ್’ ನಂಬಿಕೆ. ಇವುಗಳ ಮೊದಲಿಗೆ ‘ಬೇ’ ಹಚ್ಚಿದರೆ ಬೇಕಾರ್, ಬೇಶರಮ್, ಬೇಇಮಾನ್ ತಯಾರು. ‘ಲಾಯಕ್’ ಯೋಗ್ಯ, ‘ನಾಲಾಯಕ್’ ಅಯೋಗ್ಯ. ಶಹಾಬಾದಿನಲ್ಲಿ ಸೀಳು ಬಿಟ್ಟ ಫರ್ಸಿ ಕಲ್ಲೂ ಬೇಕಾರ್, ವಾಡಿ ಜಂಕ್ಷನ್ನಿನಲ್ಲಿ ಕಾಯಿಸುವ ರೈಲೂ ಬೇಕಾರ್, ಕಟ್ಟೆ ಮೇಲೆ ಕೂತ ಉಂಡಾಡಿಯೂ ಬೇಕಾರ್.

ಆದರೆ ಎಲ್ಲದರ ಖಾರ ಒಂದೇ ಅಲ್ಲ. “ಏ ನಾಲಾಯಕ್, ಉಂಡು ಹೋಗಲೇ” ಎಂದು ಅವ್ವ ಮಗನನ್ನು ಕೂಗಿದರೆ ಅದರಲ್ಲಿ ಸಿಟ್ಟಿಗಿಂತ ಅಕ್ಕರೆಯೇ ಹೆಚ್ಚು. ಅದೇ ಪದವನ್ನು ಬೀಗರ ಮನೆಯಲ್ಲಿ ಅಳಿಯನಿಗೆ ಅಂದು ನೋಡಬೇಕು! ‘ಹರಾಮಖೋರ’ವಂತೂ ತಮಾಷೆಯ ಮಾತಲ್ಲ. ನಿಷಿದ್ಧವಾದದ್ದನ್ನು ತಿನ್ನುವವ ಎಂಬ ಅರ್ಥ ಅದರ ಹೊಟ್ಟೆಯಲ್ಲೇ ಇದೆ. ‘ಖೋರ್’ ಎಂದರೆ ತಿನ್ನುವವ.

ಈ ‘ಖೋರ್’ ಮಾತ್ರ ಒಂದೇ ಸೀಮೆಯಲ್ಲಿ ಉಳಿಯಲಿಲ್ಲ. ಮಹಾಪ್ರಾಣ ಕಳೆದುಕೊಂಡು ‘ಕೋರ’ ಆಗಿ ಇಡೀ ಕನ್ನಡಕ್ಕೆ ಅಂಟಿತು: ಲಂಚಕೋರ, ಚಾಡಿಕೋರ. ಲಂಚವನ್ನು ‘ತಿನ್ನುವುದು’ ನಮ್ಮಲ್ಲಿ ವಾಡಿಕೆಯೇ ಆದ್ದರಿಂದ ಹೊರಗಿನ ಪ್ರತ್ಯಯ ಸಲೀಸಾಗಿ ಕೂತಿತು. ಕಲಬುರಗಿ ಮಾತನ್ನು ಕಲಬೆರಕೆ ಎಂದು ನಗುವವರೂ ಭ್ರಷ್ಟ ಅಧಿಕಾರಿಯನ್ನು ಕರೆಯುವುದು ಲಂಚಕೋರ ಎಂದೇ.

ಕಲಬೆರಕೆಯ ದೂರು ಹಳೆಯದು. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. 9ನೇ ಶತಮಾನದಲ್ಲಿ ಅಲ್ಲಿನ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’, ಸಂಸ್ಕೃತವನ್ನು ಕನ್ನಡದೊಡನೆ ಹದವಿಲ್ಲದೆ ಬೆರೆಸುವ ಕವಿಗಳನ್ನು ಟೀಕಿಸಿತು. ತಿರುಳ್ಗನ್ನಡದ ಸೀಮೆಯನ್ನು ಗುರುತಿಸುವಾಗ ಅದು ಹೆಸರಿಸಿದ್ದು ಕಿಸುವೊಳಲ್, ಕೊಪಣ, ಪುಲಿಗೆರೆ, ಒಕ್ಕುಂದಗಳನ್ನು. ರಾಜಧಾನಿ ಮಳಖೇಡಕ್ಕೆ ಆ ಪಟ್ಟಿಯಲ್ಲಿ ಜಾಗ ಸಿಗಲಿಲ್ಲ.